ಹೊಲಿಗೆ ಒಂದೇ, ಹೆಸರು ಮೂರು

ಹೆಬ್ಬಗೋಡಿ ಇಂದು ಹಳ್ಳಿಯೂ ಅಲ್ಲ, ಪೂರ್ತಿ ನಗರವೂ ಅಲ್ಲ. ಹೊಸೂರು ರಸ್ತೆಯಲ್ಲಿ, ಎಲೆಕ್ಟ್ರಾನಿಕ್ ಸಿಟಿಗೂ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶಕ್ಕೂ ನಡುವೆ ಸಿಕ್ಕಿಕೊಂಡ ಆನೇಕಲ್ ತಾಲೂಕಿನ ಊರು ಅದು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಓಡಲಾರಂಭಿಸಿದಾಗ ಇಲ್ಲಿಯ ನಿಲ್ದಾಣದ ಹೆಸರಿನೊಡನೆ ಬಯೋಕಾನ್ ಕಂಪನಿಯ ಹೆಸರೂ ಸೇರಿಕೊಂಡಿತು. ಔಷಧ, ತಂತ್ರಾಂಶ, ಯಂತ್ರದ ಬಿಡಿಭಾಗಗಳಿಂದ ಗುರುತಿಸಿಕೊಂಡ ಈ ಪ್ರದೇಶದಲ್ಲಿ ನಿಂತು ನೂಲು, ಸೂಜಿಗಳ ಬಗ್ಗೆ ಮಾತಾಡುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಈ ರಸ್ತೆಯ ಇಕ್ಕೆಲಗಳಲ್ಲಿ ನಡೆಯುತ್ತಿರುವಷ್ಟು ಹೊಲಿಗೆ ಕರ್ನಾಟಕದ ಹೆಚ್ಚು ಕಡೆ ನಡೆಯುತ್ತಿಲ್ಲ.

ಒಂದೆಡೆ ಸಿದ್ಧ ಉಡುಪಿನ ಕಾರ್ಖಾನೆಗಳು. ಇನ್ನೊಂದೆಡೆ, ಬಾಡಿಗೆಯ ಫ್ಲ್ಯಾಟಿನ ಕಿಟಕಿಯ ಪಕ್ಕ ಕುಳಿತು ಕ್ರೋಶಾ ಹೆಣೆಯುವ, ಹಗ್ಗದ ಗಂಟುಗಳಿಂದ ಗೋಡೆಗೆ ತೂಗುವ ಕೃತಿಗಳನ್ನು ಮಾಡುವ ಹೊಸ ತಲೆಮಾರಿನ ಯುವತಿಯರು. ಇವರು ತಮ್ಮನ್ನು ನೂಲಿನ ಕಲಾವಿದರೆಂದು ಕರೆದುಕೊಳ್ಳುತ್ತಾರೆ. ತಮ್ಮ ದಿನಚರಿ, ಕೈಕೆಲಸ, ಅಡುಗೆಯ ಪ್ರಯೋಗ ಎಲ್ಲವನ್ನೂ ಜನರ ಮುಂದಿಡುತ್ತಾರೆ. ಅದನ್ನು ಕೆಲವರು 'ಸಮಯ ಕಳೆಯುವ ಹವ್ಯಾಸ' ಎಂದು ನಕ್ಕುಬಿಡುತ್ತಾರೆ, ಇನ್ನು ಕೆಲವರು 'ಎಷ್ಟು ಚಂದ' ಎಂದು ಹೊಗಳಿ ಮುಂದೆ ಹೋಗುತ್ತಾರೆ. ಎರಡೂ ವಿಮರ್ಶೆಯಲ್ಲ. ಒಂದು ಕೆಲಸವನ್ನು ಗೌರವಿಸುವುದೆಂದರೆ ಅದನ್ನು ಪರೀಕ್ಷಿಸುವುದು ಎಂದೇ ನಾವು ತಿಳಿದಿದ್ದೇವೆ.

ಮೊದಲು ಇವರ ಒಳ್ಳೆಯ ಅಂಶವನ್ನು ಹೇಳಬೇಕು. ಅಡುಗೆಮನೆಯನ್ನೂ ನೂಲನ್ನೂ ಇವರು ಬೇರೆ ಬೇರೆಯಾಗಿ ಕಾಣುತ್ತಿಲ್ಲ. ಈರುಳ್ಳಿ ಸಿಪ್ಪೆ ಕುದಿಸಿ ಹೊಂಬಣ್ಣ ತೆಗೆಯುವುದು, ದಾಳಿಂಬೆ ಸಿಪ್ಪೆಯಿಂದ ಹಳದಿ ಪಡೆಯುವುದು, ಅದೇ ನೀರಿಗೆ ತುಕ್ಕು ಹಿಡಿದ ಕಬ್ಬಿಣ ಸೇರಿಸಿ ಬೂದು ಹಸಿರಿಗೆ ತಿರುಗಿಸುವುದು ಇವರಲ್ಲಿ ಮತ್ತೆ ರೂಢಿಗೆ ಬರುತ್ತಿದೆ. ಬಣ್ಣ ನೂಲಿಗೆ ಕಚ್ಚಬೇಕಾದರೆ ಪಟಿಕ ಬೇಕು, ಅರಿಶಿನದ ಬಣ್ಣ ಎಷ್ಟು ಸುಲಭವಾಗಿ ಹತ್ತುತ್ತದೋ ಬಿಸಿಲಿಗೆ ಅಷ್ಟೇ ಬೇಗ ಮಾಸುತ್ತದೆ ಎಂಬುದು ಕೈ ಮಾಡಿಯೇ ಕಲಿಯುವ ವಿದ್ಯೆ. ಇದರ ಹಿಂದಿನ ವಿವೇಕ ಬೆಂಗಳೂರಿನ ಸುತ್ತಲಿನ ಹಳ್ಳಿಗಳಿಗೆ ಹೊಸದಲ್ಲ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಸಾರು ಮಾಡಿ, ಉಳಿದುದನ್ನು ಪಲ್ಯ ಮಾಡಿ, ಎರಡನ್ನೂ ಮುದ್ದೆಯ ಜೊತೆ ಬಡಿಸುವ ಬಸ್ಸಾರು ಇಲ್ಲಿಯದೇ ಅಡುಗೆ. ಒಂದು ಪಾತ್ರೆಯ ಬೇಯುವಿಕೆಯಿಂದ ಎರಡು ಪದಾರ್ಥ. ಏನನ್ನೂ ಎಸೆಯದಿರುವುದು ಬಡತನದ ಲಕ್ಷಣವಷ್ಟೇ ಅಲ್ಲ, ಅದೊಂದು ಬುದ್ಧಿ.

ಈ ಬುದ್ಧಿಯ ಅತ್ಯುತ್ತಮ ರೂಪವನ್ನು ನೂಲಿನಲ್ಲಿ ನೋಡಬೇಕಾದರೆ ಹೊಸೂರು ರಸ್ತೆ ಬಿಟ್ಟು ಉತ್ತರ ಕನ್ನಡಕ್ಕೆ ಹೋಗಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಬದುಕುವ ಸಿದ್ದಿಗಳು ಆಫ್ರಿಕಾ ಮೂಲದವರು. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ. 2003ರಲ್ಲಷ್ಟೇ ಆ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅಲ್ಲಿಯ ಮಹಿಳೆಯರು ಹೊಲಿಯುವ ಕೌದಿಗೆ ಅವರು 'ಕವಂದಿ' ಎನ್ನುತ್ತಾರೆ. ಹರಿದ ಸೀರೆ, ಅಂಗಿ, ಲುಂಗಿಗಳ ತುಂಡುಗಳೇ ಅದರ ಬಂಡವಾಳ. ಹೊಲಿಗೆ ಅಂಚಿನಿಂದ ಆರಂಭವಾಗುತ್ತದೆ. ಒಂದೊಂದೇ ತುಂಡನ್ನು ಮಡಿಸಿ ಇಡುತ್ತ, ಸಾಲು ಹೊಲಿಗೆ ಹಾಕುತ್ತ, ಸುತ್ತಿ ಸುತ್ತಿ ನಡುವಿಗೆ ತಲಪುತ್ತಾರೆ. ಮುಂದಿನ ತುಂಡು ಯಾವುದು ಎಂಬುದು ನಕ್ಷೆಯಲ್ಲಿಲ್ಲ, ಆ ಕ್ಷಣದ ಕಣ್ಣಿನಲ್ಲಿದೆ. ಕೊನೆಗೆ ಮೂಲೆಗಳಲ್ಲಿ 'ಫೂಲ' ಎಂಬ ಮಡಿಸಿದ ತ್ರಿಕೋನದ ತುಂಡುಗಳು. ಅವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಮಾತು. ಕೆಲವು ಮುಸ್ಲಿಮ್ ಮನೆಗಳ ಕವಂದಿಯಲ್ಲಿ ಅರ್ಧಚಂದ್ರ, ಕ್ರೈಸ್ತರದರಲ್ಲಿ ಶಿಲುಬೆ ಕಾಣಿಸುವುದುಂಟು. ಉಳಿದಂತೆ ಹೊಲಿಗೆಯ ಕ್ರಮ ಒಂದೇ. ಧರ್ಮ ಮೂರಾದರೂ ಸೂಜಿಯ ವ್ಯಾಕರಣ ಒಂದೇ ಆಗಿ ಉಳಿದಿರುವುದನ್ನು ನಾವು ಗಮನಿಸಬೇಕು.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿದ ಬಳಿಕ ಅವು ಆ ದೇಶದಲ್ಲಿ ಪ್ರದರ್ಶನಗೊಂಡವು. ಮನೆಯ ಮಕ್ಕಳಿಗೆ ಹೊದೆಸಿದ ಬಟ್ಟೆ ಗೋಡೆಗೇರಿತು. ಅಜ್ಜಿ ಹೊಲಿದರೆ ಹಳೇ ಕೌದಿ, ಪರದೇಶದ ಗೋಡೆಗೆ ಏರಿದರೆ ಕಲೆ! ಬಟ್ಟೆ ಬದಲಾಗಲಿಲ್ಲ, ನೋಡುವವರ ಕಣ್ಣು ಬದಲಾಯಿತು.

ಈ ತಾರತಮ್ಯ ನಮ್ಮಲ್ಲಿ ಮಾತ್ರ ಇರುವುದಲ್ಲ. ಆಧುನಿಕ ವಿನ್ಯಾಸದ ತವರೆನಿಸಿದ ಜರ್ಮನಿಯ ಬೌಹೌಸ್ ಶಾಲೆಗೆ 1922ರಲ್ಲಿ ಸೇರಿದ ಆನಿ ಆಲ್ಬರ್ಸ್‌ಗೆ ನೇಯ್ಗೆ ವಿಭಾಗದ ಬಾಗಿಲು ತೆರೆಯಿತು. ಹೆಣ್ಣುಮಕ್ಕಳನ್ನು ಅತ್ತ ಕಳಿಸುವುದೇ ಅಲ್ಲಿಯ ವಾಡಿಕೆಯಾಗಿತ್ತು. 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಆಕೆಯ ನೇಯ್ಗೆಯನ್ನು ಪ್ರದರ್ಶಿಸಿತು. ನಮ್ಮ ದೇಶದ ಮೃಣಾಲಿನಿ ಮುಖರ್ಜಿ ಸೆಣಬಿನಂತಹ ನಾರಿನ ಹಗ್ಗವನ್ನು ಮಗ್ಗವಿಲ್ಲದೆ, ಕೈಯಲ್ಲೇ ಗಂಟು ಹಾಕಿ ಆಳೆತ್ತರದ ಶಿಲ್ಪಗಳನ್ನು ಕಟ್ಟಿದರು. ಅವರು ತೀರಿಕೊಂಡದ್ದು 2015ರಲ್ಲಿ. ನ್ಯೂಯಾರ್ಕಿನ ಮೆಟ್ ಬ್ರೋಯರ್‌ನಲ್ಲಿ ಅವರ ದೊಡ್ಡ ಪ್ರದರ್ಶನ ನಡೆದದ್ದು 2019ರಲ್ಲಿ. ನಾರು, ನೂಲುಗಳನ್ನು ಕಲ್ಲು, ಕಂಚುಗಳ ಸಾಲಿಗೆ ಸೇರಿಸಲು ಜಗತ್ತು ಬಹಳ ಕಾಲ ತೆಗೆದುಕೊಂಡಿತು.

ಈಗ ಮತ್ತೆ ಹೆಬ್ಬಗೋಡಿಗೆ ಬರೋಣ. ಉಡುಪಿನ ಕಾರ್ಖಾನೆಯ ಸಾಲಿನಲ್ಲಿ ಒಬ್ಬಾಕೆ ದಿನವಿಡೀ ಕಾಲರ್ ಮಾತ್ರ ಹೊಲಿಯುತ್ತಾಳೆ, ಇನ್ನೊಬ್ಬಾಕೆ ಜೇಬು ಮಾತ್ರ. ಗಂಟೆಗೆ ಇಷ್ಟು ಎಂಬ ಗುರಿ ತಲೆಯ ಮೇಲಿರುತ್ತದೆ. ಅವರ ಕೈಯ ನೇರ, ವೇಗ ಯಾವ ಕಲಾವಿದೆಗೂ ಕಡಿಮೆಯಲ್ಲ. ಆದರೆ ಪೂರ್ತಿ ಅಂಗಿ ಅವರ ಕೈಯಲ್ಲಿ ಎಂದೂ ಮುಗಿಯುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ಹಿಂಪಡೆಯಲು 58 ವರ್ಷದವರೆಗೆ ಕಾಯಬೇಕೆಂಬ ನಿಯಮದ ವಿರುದ್ಧ ಬೆಂಗಳೂರಿನ ಸಾವಿರಾರು ಉಡುಪು ಕಾರ್ಮಿಕರು ಬೀದಿಗಿಳಿದರು. ಅವರಲ್ಲಿ ಮಹಿಳೆಯರೇ ಹೆಚ್ಚು. ಆ ಗಲಭೆಯ ಬಿಸಿ ಹೆಬ್ಬಗೋಡಿಯ ಪೊಲೀಸ್ ಠಾಣೆಗೂ ತಟ್ಟಿತು, ಅಲ್ಲಿದ್ದ ವಾಹನಗಳಿಗೆ ಬೆಂಕಿ ಬಿತ್ತು. ಕೇಂದ್ರ ಸರಕಾರ ನಿಯಮವನ್ನು ಹಿಂದೆಗೆದುಕೊಂಡಿತು. ಬೆಂಕಿಯನ್ನು ಯಾರೂ ಸಮರ್ಥಿಸಲಾರರು. ಆದರೆ ಬಟ್ಟೆಯ ಮೇಲೆ ನಿರ್ಧಾರವಿಲ್ಲದವರಿಗೆ ತಮ್ಮ ಉಳಿತಾಯದ ಮೇಲೂ ನಿರ್ಧಾರ ಇಲ್ಲವೆಂದಾಗ ಅದು ಎಷ್ಟು ಚುಚ್ಚುತ್ತದೆ ಎಂಬುದನ್ನು ಅರ್ಥಮಾಡಿಕೊಳ್ಳದೆ ಇರಲಾಗದು.

ಹೀಗೆ ಸೂಜಿ ಹಿಡಿದವರಿಗೆ ಮೂರು ಹೆಸರು. ಕಾರ್ಖಾನೆಯಲ್ಲಿದ್ದರೆ ಆಪರೇಟರ್. ಮನೆಯಲ್ಲಿದ್ದರೆ 'ಕೌದಿ ಹೊಲಿಯುವವಳು'. ಫ್ಲ್ಯಾಟಿನಲ್ಲಿದ್ದರೆ ಕಲಾವಿದೆ. ಇವುಗಳ ನಡುವಿನ ನಿಜವಾದ ವ್ಯತ್ಯಾಸ ಕೌಶಲ್ಯದ್ದಲ್ಲ. ಆಪರೇಟರ್‌ಗೆ ಕೌಶಲ್ಯವಿದೆ, ನಿರ್ಧಾರವಿಲ್ಲ. ಸಿದ್ದಿ ಮಹಿಳೆಗೆ ನಿರ್ಧಾರವಿದೆ, ಹೆಸರಿಲ್ಲ. ಯುವ ಕಲಾವಿದೆಗೆ ಎರಡೂ ಇವೆ. ಎರಡೂ ಇರುವವರನ್ನು ಹೆಚ್ಚು ಕೇಳುವ ಹಕ್ಕು ನಮಗಿದೆ.

ಏನನ್ನು ಕೇಳಬೇಕು? ಈ ಯುವತಿಯರ ಬಹಳಷ್ಟು ಕೃತಿಗಳು ಒಂದೇ ಅಚ್ಚಿನವು. ಅದೇ ತಿಳಿ ಬಣ್ಣದ ಹಗ್ಗ, ಅದೇ ಕುಚ್ಚು, ಅದೇ ಎಲೆಯಾಕಾರ. ಯಾವುದೋ ದೇಶದ ಮಾದರಿಯನ್ನು ನೋಡಿ ಗಂಟು ಎಣಿಸಿ ಹಾಕಿದ್ದು. ಹೆಣೆದ ಕೈ ಅವರದು, ನಿರ್ಧಾರ ಇನ್ಯಾರದೋ. ಆಗ ಅದಕ್ಕೂ ಕಾರ್ಖಾನೆಯ ಕಾಲರಿಗೂ ಏನು ಅಂತರ? ಸಿಪ್ಪೆಯ ಬಣ್ಣದಲ್ಲಿ ತೋರಿದ ಧೈರ್ಯ ಆಕಾರದಲ್ಲಿ ಏಕಿಲ್ಲ? ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಚಿಂದಿ ಈ ರಸ್ತೆಯಲ್ಲೇ ಮೂಟೆಗಟ್ಟಲೆ ಇರುವಾಗ ದೂರದ ಬಿಳಿ ಹಗ್ಗವನ್ನೇ ಏಕೆ ತರಿಸಬೇಕು? ಆ ಚಿಂದಿಯಲ್ಲಿ ಈ ಊರಿನ ಕಥೆ ಇದೆ. ಅದನ್ನು ಕೈಗೆತ್ತಿಕೊಂಡ ಕಲಾವಿದೆ ಪಕ್ಕದ ಬೀದಿಯ ಆಪರೇಟರನ್ನೂ ತನ್ನ ಕೃತಿಯೊಳಕ್ಕೆ ಕರೆದಂತಾಗುತ್ತದೆ.

ಇನ್ನು ದಿನಚರಿಯ ಮಾತು. ಚಂದದ ಬಟ್ಟಲು, ಬೆಳಗಿನ ಬಿಸಿಲು, ಮಡಿಸಿಟ್ಟ ನೂಲು ಇವಿಷ್ಟೇ ದಿನಚರಿಯಾದರೆ ಅದು ಅರ್ಧ ಸತ್ಯ. ಒಂದು ತೂಗುಪರದೆಗೆ ಎಷ್ಟು ಗಂಟೆ ಹಿಡಿಯಿತು, ಬೆರಳು ಎಷ್ಟು ನೊಂದಿತು, ಕೊನೆಗೆ ಕೈಗೆ ಬಂದದ್ದೆಷ್ಟು ಎಂಬುದನ್ನೂ ಹೇಳಬೇಕು. ಹಾಗೆ ಹೇಳಿದಾಗ ಮಾತ್ರ ಕೈಕೆಲಸಕ್ಕೆ ಚೌಕಾಸಿ ಮಾಡುವ ನಮ್ಮಂಥ ಗ್ರಾಹಕರಿಗೆ ಬೆಲೆಯ ಅರ್ಥವಾದೀತು.

2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ ಸಂಡೂರಿನ ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕಸೂತಿಯ 1755 ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಸಂತೋಷದ ಸಂಗತಿಯೇ. ಆದರೆ ಸುದ್ದಿ ಓದಿದವರ ನೆನಪಿನಲ್ಲಿ ಉಳಿದದ್ದು ಸಂಖ್ಯೆ. 450 ಮಂದಿಯಲ್ಲಿ ಯಾರ ಹೊಲಿಗೆ ಯಾವುದು, ಯಾರದು ಹೆಚ್ಚು ಚೆನ್ನ ಎಂಬ ಚರ್ಚೆ ಏಳಲಿಲ್ಲ. ಒಬ್ಬ ಚಿತ್ರಕಾರನ ಬಗ್ಗೆ ನಾವು ಹೀಗೆ ಎಣಿಸಿ ಮಾತಾಡುತ್ತೇವೆಯೇ?

ಸೂಜಿ ಹಿಡಿದ ಹೆಣ್ಣನ್ನು ಹೊಗಳುವುದು ಸುಲಭ, ಆಕೆಯ ಕೆಲಸವನ್ನು ವಿಮರ್ಶಿಸುವುದು ಕಷ್ಟ. ಇಷ್ಟು ಕಾಲ ಸುಲಭದ್ದನ್ನೇ ಮಾಡಲಾಗಿದೆ. ಮುಂದಿನ ಬಾರಿ ಮನೆಯ ಪೆಟ್ಟಿಗೆಯಿಂದ ಹಳೆಯ ಕೌದಿ ಹೊರತೆಗೆದಾಗ ಅದನ್ನು ಹೊಲಿದವರ ಹೆಸರು ಕೇಳಿ, ಒಂದು ಮೂಲೆಯಲ್ಲಿ ಬರೆದಿಡಿ. ಕೆಂಪಿನ ಪಕ್ಕ ಹಸಿರನ್ನೇ ಏಕಿಟ್ಟರು ಎಂದೂ ಕೇಳಿ. ಹೊಲಿದವರು ಇನ್ನೂ ಇದ್ದರೆ ಅವರ ಬಳಿ ಉತ್ತರ ಖಂಡಿತ ಇರುತ್ತದೆ.