ಸ್ಕ್ರೂಡ್ರೈವರ್ ಕೊನೆಗಿರಲಿ

ಮಳೆಗಾಲದಲ್ಲಿ ಕಾರವಾರ, ಅಂಕೋಲಾ ಕಡೆ ರಸ್ತೆಗೆ ಉರುಳಿದ ಅಕೇಶಿಯಾವನ್ನೋ ಮಾಡಿಗೆ ಒರಗಿದ ತೆಂಗನ್ನೋ ತುಂಡರಿಸಲು ಅಗ್ಗದ 58 ಸಿಸಿ ಚೈನ್‌ಸಾ ಹೊರಬರುತ್ತದೆ. ಬೇಕಾದ ಹೊತ್ತಿಗೇ ಅದು ಸ್ಟಾರ್ಟ್ ಆಗುವುದಿಲ್ಲ. ಹಗ್ಗ ಎಳೆದು ಎಳೆದು ರಟ್ಟೆ ಸೋತ ಮೇಲೆ ಯಾರಾದರೊಬ್ಬರು ಕಾರ್ಬ್ಯುರೇಟರಿನ ಸ್ಕ್ರೂ ತಿರುವಲು ಶುರುಮಾಡುತ್ತಾರೆ. ಈ ರೂಢಿ ತಪ್ಪು, ಬಹಳ ದುಬಾರಿ ತಪ್ಪು. ಬೇಸಿಗೆಯಲ್ಲಿ ಚೆನ್ನಾಗಿ ಓಡಿದ ಮಷಿನ್ನಿನ ಸ್ಕ್ರೂ ಮೂಲೆಯಲ್ಲಿ ಕೂತಲ್ಲೇ ತಿರುಗಿಕೊಳ್ಳುವುದಿಲ್ಲ. ಕೆಟ್ಟಿರುವುದು ಬಹುತೇಕ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು.

ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಕರಾವಳಿಯ ಆಷಾಢದಲ್ಲಿ ತೇವಕ್ಕೇನು ಬರ? ನೀರು ಮಿತಿಮೀರಿದಾಗ ಎಥೆನಾಲನ್ನೂ ಸೆಳೆದುಕೊಂಡು ತಳಕ್ಕಿಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಬಿದ್ದಿರುವುದೂ ಆ ತಳದಲ್ಲೇ. ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲಿ ಉಳಿಯುವುದರಿಂದ, ಮಷಿನ್ ಹೇಗೋ ಸ್ಟಾರ್ಟ್ ಆದರೂ ಪಿಸ್ಟನ್ನಿಗೆ ಕೇಡು. ಹಳೆಯದನ್ನು ಚೆಲ್ಲಿ ಹೊಸ ಮಿಶ್ರಣ ಹಾಕುವುದೇ ಮೊದಲ ಚಿಕಿತ್ಸೆ. ಇಂಥ ಹಲವು ಮಷಿನ್ನುಗಳಿಗೆ ಹೇಳಿರುವ 25:1 ಅಳತೆಯಲ್ಲಿ ಲೀಟರಿಗೆ 40 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್.

ಆಮೇಲೆ ಪ್ಲಗ್ ಬಿಚ್ಚಿ ನೋಡಬೇಕು. ಒದ್ದೆಯಾಗಿದ್ದರೆ ಪೆಟ್ರೋಲು ತುಂಬಿಕೊಂಡಿದೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಹೊರಗಿಟ್ಟು ಹಗ್ಗ ಹಲವು ಸಲ ಎಳೆದರೆ ಅದು ಹೊರಬೀಳುತ್ತದೆ. ಮೊದಲ ‘ಪಟ್’ ಸದ್ದಿನ ನಂತರವೂ ಚೋಕ್ ಹಾಕಿಯೇ ಎಳೆಯುವುದು ಹೀಗೆ ತುಂಬಿಕೊಳ್ಳಲು ಮುಖ್ಯ ಕಾರಣ. ಪ್ಲಗ್ ಒಣಗಿದ್ದರೆ ಪೈಪು, ಪ್ರೈಮರ್ ಗುಂಡಿಯ ಬಿರುಕು ಹುಡುಕಿ. ಅಗ್ಗದ ಮಷಿನ್ನುಗಳ ನಿಜವಾದ ದೌರ್ಬಲ್ಯ ಈ ರಬ್ಬರಿನದ್ದು. ಕಾರ್ಬ್ಯುರೇಟರಿನ ಮೂಲ ವಿನ್ಯಾಸ ದುಬಾರಿ ಮಷಿನ್ನಿನದಕ್ಕಿಂತ ಬೇರೆಯಲ್ಲ. ಓಡುತ್ತಾ ನಿಂತು, ಟ್ಯಾಂಕಿನ ಮುಚ್ಚಳ ಸಡಿಲಿಸಿದೊಡನೆ ಚೇತರಿಸಿಕೊಂಡರೆ ಗಾಳಿಕಿಂಡಿ ಕಟ್ಟಿದೆ.

ಇಷ್ಟಾದ ಮೇಲೂ ತಕರಾರಿದ್ದರೆ ಏರ್ ಫಿಲ್ಟರ್ ತೊಳೆದು, ಇಂಜಿನ್ ಬಿಸಿಮಾಡಿ, ಸ್ಕ್ರೂ ಮುಟ್ಟಬಹುದು. ಟ್ರಿಗರ್ ಒತ್ತಿದಾಗ ತಡವರಿಸಿದರೆ ಕಡಿಮೆ ವೇಗದ ‘ಎಲ್’ ಸ್ಕ್ರೂ ತುಸು ಸಡಿಲಿಸಿ. ಐಡಲಿನಲ್ಲಿ ಚೈನ್ ತಿರುಗಲೇಬಾರದು. ಕಿವಿಯ ಕಸುಬು ಬೇಕಾಗುವುದು ಹೆಚ್ಚು ವೇಗದ ‘ಎಚ್’ ಸ್ಕ್ರೂಗೆ. ಪೂರ್ತಿ ಟ್ರಿಗರಿನಲ್ಲಿ, ಮರಕ್ಕೆ ತಾಗಿಸದೆ ಇರುವಾಗ, ಸದ್ದು ತುಸು ಒಡಕಾಗಿ ಬುಡಬುಡಿಸಬೇಕು. ಕೊಯ್ಯತೊಡಗಿದ ಕೂಡಲೇ ಸಾಫಾಗಬೇಕು. ‘ಎಚ್’ ಅತಿಯಾಗಿ ಬಿಗಿಸಿ, ಕಿರುಚುವ ಸದ್ದು ಕೇಳಿ ಶಕ್ತಿ ಹೆಚ್ಚಿತೆಂದು ಹಿಗ್ಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಪೆಟ್ರೋಲಿನ ಜತೆ ಆಯಿಲೂ ಕಡಿಮೆಯಾಗಿ ಪಿಸ್ಟನ್ ಕಚ್ಚಿಕೊಳ್ಳುವ ಮೊದಲಿನ ಸದ್ದು ಅದು. ಘಟ್ಟ ಹತ್ತಿ ಯಲ್ಲಾಪುರದ ತೆಳುಗಾಳಿಯಲ್ಲಿ ‘ಎಚ್’ ಬಿಗಿಸಿಕೊಂಡವರು ಕಾರವಾರಕ್ಕಿಳಿದ ಮೇಲೆ, ಮೊದಲ ಮರಕ್ಕೆ ಕೈಹಾಕುವ ಮುನ್ನವೇ ಅದನ್ನು ಮತ್ತೆ ಸಡಿಲಿಸಬೇಕು.