ಮತ್ಸ್ಯವಿನೋದವೂ ಜೀವಸತ್ವವೂ

ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು (ಆಳ್ವಿಕೆ ಕ್ರಿ.ಶ. 1126–1138) ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವುಂಟು. ಯಾವ ಜಾತಿಯ ಮೀನಿಗೆ ಯಾವ ಆಹಾರವೆಂಬುದನ್ನು ರಾಜನು ಕಣ್ಣಾರೆ ನೋಡಿದವನಂತೆ ವಿಂಗಡಿಸಿದ್ದಾನೆ. ಗ್ರಂಥದ ಹಿರಿಮೆ ಇದೇ. ಎಳ್ಳಿನ ಹಿಂಡಿ, ಕಡಲೆಹಿಟ್ಟು, ಅನ್ನ ಇವುಗಳ ಉಂಡೆಗಳನ್ನು ಕಂಡೊಡನೆ, ಸಾಕುಮೀನಿಗೆ ಸಸ್ಯಮೂಲವಾದ ಜೀವಸತ್ವಗಳನ್ನುಣಿಸುವ ಇಂದಿನ ಶಾಸ್ತ್ರವು ಅಂದೇ ಸಿದ್ಧವಾಗಿದ್ದಿತೆನ್ನಲು ನಮಗೆ ಆಸೆಯಾಗುವುದು ಸಹಜ. ಅದು ಗ್ರಂಥಾರ್ಥವಲ್ಲ. ಪ್ರಕರಣದ ಹೆಸರೇ ವಿನೋದ. ಉಂಡೆಯ ಪ್ರಯೋಜನವು ಗಾಳದಾಟಕ್ಕೆ ಮೀನನ್ನು ಸಿದ್ಧಗೊಳಿಸುವುದು. ‘ವಿಟಮಿನ್’ ಎಂಬ ಹೆಸರನ್ನು ಫಂಕನು ಕೊಟ್ಟುದೇ 1912ರಲ್ಲಿ. ‘ಜೀವಸತ್ವ’ವೆಂಬುದೂ ಹೊಸ ಸಂಜ್ಞೆಯೇ; ಪ್ರಾಚೀನರ ‘ಸತ್ತ್ವ’ದೊಡನೆ ಅದನ್ನು ಬೆರೆಸಲಾಗದು.

ವಸ್ತುವನ್ನು ನೋಡಿದರೂ ಭೇದವು ಸ್ಪಷ್ಟ. ಮೀನುಗಳಲ್ಲಿ ಬಹುಪಾಲು ‘ಸಿ’ ಜೀವಸತ್ವವನ್ನು ತಾವೇ ಉಂಟುಮಾಡಿಕೊಳ್ಳಲಾರವು. ಅದು ಸಾಲದಾದರೆ ಬೆನ್ನೆಲುಬು ಡೊಂಕಾಗುತ್ತದೆ. ಸೋಮೇಶ್ವರನ ಎಳ್ಳಿನ ಹಿಂಡಿಯಿಂದಾಗಲಿ, ನಮ್ಮ ಚಿಕ್ಕನಾಯಕನಹಳ್ಳಿ ಸೀಮೆಯ ಕೊಬ್ಬರಿ ಹಿಂಡಿಯಿಂದಾಗಲಿ ಆ ಕೊರತೆ ತುಂಬದು. ಕೆರೆಯ ಮೀನಿಗೆ ಪಾಚಿ, ಸೂಕ್ಷ್ಮಜೀವಿಗಳಿಂದ ಅದು ದೊರೆತೀತು. ಒತ್ತಾಗಿ ಸಾಕುವ ತೊಟ್ಟಿಯಲ್ಲಿ ಆ ಆಸರೆಯೂ ವಿರಳ. ನೆಲ್ಲಿಕಾಯಿಯಲ್ಲಿ ಈ ಸತ್ವವು ಹೇರಳವಾಗಿದ್ದರೂ, ಮೇವನ್ನು ಬೇಯಿಸುವಾಗಲೂ ಬಹುಕಾಲ ಕೂಡಿಡುವಾಗಲೂ ಅದು ಕುಂದುತ್ತದೆ. ಈ ವಿಚಾರಗಳೊಂದೂ ಮತ್ಸ್ಯವಿನೋದದ ಪ್ರಶ್ನೆಯಾಗಿರಲಿಲ್ಲ.