ಸಾಬೂನಿನ ಮೂಲ

ಬ್ರಶ್ಶಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿದರೆ ಗೊತ್ತಾಗಿಬಿಡುತ್ತದೆ. ನೈಲಾನ್ ಆದರೆ ಕರಗಿ ತುದಿಯಲ್ಲಿ ಸಣ್ಣ ಮಣಿ ಕಟ್ಟುತ್ತದೆ. ಕೂದಲಾದರೆ ಸುರುಟಿಕೊಂಡು, ಬೆರಳಿಗೆ ಪುಡಿಯಾಗುವ ಕಪ್ಪು ಬೂದಿಯಾಗಿ, ಕಮಟು ವಾಸನೆ ಬಿಡುತ್ತದೆ. ತುಮಕೂರು ರಸ್ತೆಯ ಒಂದು ರಸ್ಕ್ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ನಾನಿದ್ದಾಗ, ಮಲೇಷ್ಯಾಕ್ಕೆ ಮಾಲು ಕಳಿಸುವ ತಯಾರಿ ನಡೆದಿತ್ತು. ಟ್ರೇಗಳಿಗೆ ಎಣ್ಣೆ ಸವರುವ ಬ್ರಶ್ಶಿನ ಎಳೆಯನ್ನು ಹೀಗೆ ಸುಟ್ಟು ನೋಡಿದೆವು. ವಾಸನೆ ಬಂತು. ಹಿಡಿಯ ಮೇಲೆ ‘ಪ್ಯೂರ್ ಬ್ರಿಸಲ್’ ಎಂದು ಅಚ್ಚಾಗಿತ್ತು. ಬ್ರಿಸಲ್ ಅಂದರೆ ಸಾಮಾನ್ಯವಾಗಿ ಹಂದಿಯ ಒರಟು ಕೂದಲು. ಗೋಡೆಗೆ ಬಣ್ಣ ಬಳಿಯುವವರು ಕೊಳ್ಳುವ ಬ್ರಶ್ಶು ಅದು. ಹಾರ್ಡ್‌ವೇರ್ ಅಂಗಡಿಯಿಂದ ನೇರ ನಮ್ಮ ಟ್ರೇಗೆ ಬಂದಿತ್ತು. ಮೈದಾ, ಯೀಸ್ಟು, ಸಕ್ಕರೆ, ವನಸ್ಪತಿ ಎಲ್ಲದಕ್ಕೂ ಕಡತದಲ್ಲಿ ಕಾಗದವಿತ್ತು. ಬ್ರಶ್ಶಿಗೆ ಇರಲಿಲ್ಲ, ಏಕೆಂದರೆ ಅದು ರಸ್ಕಿನೊಳಗೆ ಹೋಗುವ ವಸ್ತುವಲ್ಲ ಎಂದು ನಾವೆಲ್ಲ ನಂಬಿದ್ದೆವು.

ಮಲೇಷ್ಯಾದಲ್ಲಿ ಇದು ಹಗುರವಾಗಿ ಬಿಡುವ ವಿಷಯವಲ್ಲ. ಹಂದಿ ಅಥವಾ ನಾಯಿಯ ಯಾವುದೇ ಭಾಗದಿಂದ ಮಾಡಿದ ಸರಕಿನ ಮೇಲೆ ಹಾಗೆಂದು ನಮೂದಿಸಬೇಕೆಂಬ 2013ರ ಆದೇಶ ಅಲ್ಲಿದೆ. 2017ರ ಫೆಬ್ರವರಿಯಲ್ಲಿ ಅಧಿಕಾರಿಗಳು ಅಂಗಡಿಗಳ ಮೇಲೆ ದಾಳಿ ಮಾಡಿ, ಹಂದಿಗೂದಲಿನವೆಂದು ಶಂಕಿಸಿದ 2,000ಕ್ಕೂ ಹೆಚ್ಚು ಬ್ರಶ್ಶುಗಳನ್ನು ವಶಪಡಿಸಿಕೊಂಡರು.

ಹಲಾಲ್ ಅಂದ ಕೂಡಲೇ ನಮ್ಮಲ್ಲಿ ಕತ್ತಿಯ ಮಾತು ಬರುತ್ತದೆ. 2022ರ ಯುಗಾದಿ, ಹೊಸತೊಡಕಿನ ಹೊತ್ತಿಗೆ ಕರ್ನಾಟಕದಲ್ಲಿ ಎದ್ದ ಗದ್ದಲವೂ ಮಾಂಸದಂಗಡಿಯ ಮುಂದೆಯೇ ನಿಂತಿತು. ಆದರೆ ಹಲಾಲ್ ಉತ್ಪಾದನೆಯ ಅರ್ಧ ಕೆಲಸ ನಡೆಯುವುದು ತೊಳೆಯುವ ಕಟ್ಟೆಯಲ್ಲಿ. ಅಲ್ಲಿನ ಸಾಬೂನು, ಸೋಂಕುನಾಶಕ, ಬ್ರಶ್ಶು, ಬಟ್ಟೆ, ನೀರು ಇವುಗಳನ್ನು ಹೇಗೆ ಆರಿಸಬೇಕು, ಎಲ್ಲಿಡಬೇಕು, ಹೇಗೆ ಬಳಸಬೇಕು ಎಂಬ ಪದ್ಧತಿಯೊಂದು ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ಬೆಳೆದು ಈಗ ನಮ್ಮ ರಫ್ತು ಘಟಕಗಳಿಗೂ ಬಂದಿದೆ. ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ, ತಕರಾರೂ ಇದೆ.

ಮೊದಲು ಗೌರವದ ಮಾತು. ಋಷಿಮೂಲ, ನದಿಮೂಲ ಕೇಳಬಾರದು ಎನ್ನುತ್ತಾರೆ. ಆಹಾರ ಸುರಕ್ಷತೆಯ ವಿದ್ಯೆ ಸಾಬೂನಿನ ಮೂಲವನ್ನೂ ಕೇಳುವುದಿಲ್ಲ. ಕ್ರಿಮಿ ಸತ್ತಿತೇ, ಶೇಷ ಮಿತಿಯೊಳಗಿದೆಯೇ, ಅಷ್ಟಾದರೆ ಅದಕ್ಕೆ ಸಾಕು. ಹಲಾಲ್ ಪದ್ಧತಿ ಕೇಳುತ್ತದೆ: ಈ ನೊರೆ ಯಾವ ಕೊಬ್ಬಿನಿಂದ ಬಂತು? ಪ್ರಶ್ನೆ ಅತಿಯಾದದ್ದಲ್ಲ. ಸಾಬೂನಿಗೆ ಬೇಕಾದ ಕೊಬ್ಬಿನಾಮ್ಲ ತಾಳೆ ಅಥವಾ ತೆಂಗಿನ ಎಣ್ಣೆಯಿಂದ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ಕಾರ್ಖಾನೆಗಳಲ್ಲಿ ‘ಕ್ವಾಟ್’ ಎಂದು ಕರೆಯುವ ಸೋಂಕುನಾಶಕದ ಉದ್ದನೆಯ ಇಂಗಾಲದ ಸರಪಳಿಗೂ ಇದೇ ಎರಡು ದಾರಿ. ಕಿಣ್ವ ಬೆರೆಸಿದ ಮಾರ್ಜಕದಲ್ಲಿ, ಆ ಕಿಣ್ವವನ್ನು ಕೊಡುವ ಸೂಕ್ಷ್ಮಜೀವಿಗೆ ಏನು ತಿನ್ನಿಸಿದರು ಎಂಬ ಪ್ರಶ್ನೆಯಿದೆ. ಕೊನೆಗೆ ಜಾಲಿಸುವ ನೀರು ಹಾದುಬರುವ ಇದ್ದಿಲು ಕೂಡ ತೆಂಗಿನ ಚಿಪ್ಪಿನದಾಗಿರಬಹುದು, ಮೂಳೆಯದೂ ಆಗಿರಬಹುದು. ಇಷ್ಟು ಹಿಂದಕ್ಕೆ ಹೋಗಿ ಕೇಳುವ ಶಿಸ್ತು ಬೇರೆ ಯಾವ ಆಡಿಟ್‌ನಲ್ಲೂ ನನಗೆ ಸಿಗಲಿಲ್ಲ. ಮೂಲ ತಿಳಿಯುವ ಹಂಬಲ ಒಂದು ಧರ್ಮದವರದೇ ಅಲ್ಲ ಎನ್ನುವುದಕ್ಕೆ 1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರೆತ ಸುದ್ದಿಗೆ ಇಡೀ ದೇಶ ಬೆಚ್ಚಿದ್ದನ್ನು ನೆನೆದರೆ ಸಾಕು.

ಇಂಡೋನೇಷ್ಯಾದ ಹಲಾಲ್ ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ತೊಳೆದದ್ದು ಸ್ವಚ್ಛವಾಯಿತೇ ಎಂದು ಪರೀಕ್ಷಿಸಲು ಬಳಸುವ ಮಾಧ್ಯಮವನ್ನೂ ಅದು ಪರಿಶೀಲಿಸಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಪ್ರಯೋಗಾಲಯದವರು ಹತ್ತಿಕಡ್ಡಿಯನ್ನು ಪೆಪ್ಟೋನ್ ದ್ರವದಲ್ಲಿ ಅದ್ದಿ, ಮೇಜಿನ ಮೇಲೆ ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಚೌಕದೊಳಗೆ ಅಡ್ಡಡ್ಡ, ಉದ್ದುದ್ದ ಉಜ್ಜುತ್ತಾರೆ. ಪೆಪ್ಟೋನ್ ಅಂದರೆ ಕಿಣ್ವದಿಂದ ಜೀರ್ಣಿಸಿದ ಪ್ರೋಟೀನು. ಆ ಕಿಣ್ವ ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದಿರಬಹುದು. ಅಂದರೆ ಸ್ವಚ್ಛತೆಗೆ ಸಾಕ್ಷಿ ಹೇಳಲು ಬಂದದ್ದೇ ಆ ಚೌಕವನ್ನು ಕೆಡಿಸಿ ಹೋಗಬಹುದು. ಈ ಎಚ್ಚರ ಸುಮ್ಮನೆ ಬಂದದ್ದಲ್ಲ. 2001ರ ಜನವರಿಯಲ್ಲಿ ಅಜಿನೊಮೊಟೊ ಇಂಡೋನೇಷ್ಯಾದ ಮಾರುಕಟ್ಟೆಯಿಂದ ತನ್ನ ರುಚಿಪುಡಿಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಪುಡಿಯಲ್ಲಿ ಹಂದಿಯ ಅಂಶವಿತ್ತು ಎಂಬುದಲ್ಲ ಕಾರಣ. ಅದನ್ನು ಹುದುಗಿಸುವ ಬ್ಯಾಕ್ಟೀರಿಯಾವನ್ನು ಕಾಪಿಡುವ ಮಾಧ್ಯಮದಲ್ಲಿ ಬಳಸಿದ ಸೋಯಾ ಪೆಪ್ಟೋನನ್ನು ಹಂದಿಯ ಕಿಣ್ವದಿಂದ ತಯಾರಿಸಲಾಗಿತ್ತು. ಆಗಿನ ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್ ಅವರು ಅದು ಹಲಾಲ್ ಎಂದರು, ಉಲೇಮಾ ಮಂಡಳಿ ಅಲ್ಲ ಎಂದಿತು.

ಈ ಭಿನ್ನಮತದ ಬೇರು ಧರ್ಮಶಾಸ್ತ್ರದಲ್ಲೇ ಇದೆ. ಒಂದು ವಸ್ತು ಪೂರ್ತಿ ರೂಪಾಂತರಗೊಂಡರೆ ಅದರ ಅಶುದ್ಧಿಯೂ ಹೋಗುತ್ತದೆಯೇ? ಇದನ್ನು ‘ಇಸ್ತಿಹಾಲಾ’ ಎನ್ನುತ್ತಾರೆ. ಅಶುದ್ಧ ಕೊಬ್ಬು ಸಾಬೂನಾದರೆ ಅದು ಬೇರೆಯೇ ವಸ್ತು, ಆದ್ದರಿಂದ ಶುದ್ಧ ಎಂಬ ಅಭಿಪ್ರಾಯ ಹನಫಿ ಪಂಥದಲ್ಲಿ ಬಲವಾಗಿದೆ. ಶಾಫಿ ಪಂಥ ಇದನ್ನು ಮದ್ಯ ತಾನಾಗಿ ವಿನಿಗರ್ ಆಗುವುದು, ಸತ್ತ ಪ್ರಾಣಿಯ ಚರ್ಮ ಹದಗೊಳ್ಳುವುದು, ಇಂಥ ಕೆಲವಕ್ಕಷ್ಟೇ ಒಪ್ಪುತ್ತದೆ. ಮಲೇಷ್ಯಾ, ಇಂಡೋನೇಷ್ಯಾಗಳು ಶಾಫಿ ನಾಡುಗಳು. ನಮ್ಮ ಒಳನಾಡಿನ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು, ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಒಂದೇ ಸಾಬೂನಿನ ಬಗ್ಗೆ ಕಲಬುರಗಿಯ ಮನೆಗೂ ಭಟ್ಕಳದ ಮನೆಗೂ ಎರಡು ಉತ್ತರ ಸಿಗಬಹುದು, ಎರಡೂ ಪ್ರಾಮಾಣಿಕ ಉತ್ತರಗಳೇ. ಪ್ರಮಾಣಪತ್ರದ ಮೇಲಿನ ಹಸಿರು ಮುದ್ರೆ ಮಾತ್ರ ಯಾವ ಪಂಥದ ಯಾವ ಅಭಿಪ್ರಾಯದ ಮೇಲೆ ನಿಂತಿದ್ದೇನೆಂದು ಹೇಳುವುದಿಲ್ಲ. ಕೊಳ್ಳುವವನಿಗೂ ಘಟಕಕ್ಕೂ ಅದನ್ನು ತಿಳಿಸಬೇಕೆಂಬುದು ನನ್ನ ಮೊದಲ ತಕರಾರು.

ಎರಡನೆಯದು ಕಾಗದದ ಮೋಹ. ಕಾಸ್ಟಿಕ್ ಸೋಡಾ ಉಪ್ಪುನೀರಿನಿಂದ ಬರುತ್ತದೆ. ನೈಟ್ರಿಕ್ ಆಮ್ಲಕ್ಕಾಗಲಿ, ನಾವು ‘ಹೈಪೋ’ ಅನ್ನುವ ಸೋಡಿಯಂ ಹೈಪೋಕ್ಲೋರೈಟಿಗಾಗಲಿ ಪ್ರಾಣಿಯ ಸಂಬಂಧವೇ ಇಲ್ಲ. ಇಂಡೋನೇಷ್ಯಾದ ಧಾರ್ಮಿಕ ವ್ಯವಹಾರಗಳ ಸಚಿವರು 2021ರಲ್ಲಿ ಹೊರಡಿಸಿದ 1360ನೇ ನಿರ್ಧಾರ, ಪ್ರಮಾಣಪತ್ರ ಬೇಡದ ವಸ್ತುಗಳ ಪಟ್ಟಿಯನ್ನೇ ಕೊಟ್ಟಿದೆ. ಈ ಕ್ಷೇತ್ರದಲ್ಲಿ ಬಂದ ಅತ್ಯಂತ ವಿವೇಕದ ದಾಖಲೆ ಅದು ಎನ್ನುವುದು ನನ್ನ ಅನಿಸಿಕೆ. ಎಲ್ಲಿ ಅನುಮಾನ ಪಡಬಾರದು ಎಂದು ಹೇಳಲೂ ತಿಳಿವಳಿಕೆ ಬೇಕು. ಆದರೂ ನಮ್ಮ ಕಡತದಲ್ಲಿ ಕಾಸ್ಟಿಕ್ಕಿಗೆ ಪ್ರಮಾಣಪತ್ರವಿತ್ತು, ಬ್ರಶ್ಶಿಗಿರಲಿಲ್ಲ. ನಮ್ಮ ಸ್ಟೋರಿನ ಕೆಳಗಿನ ಅರೆಯಲ್ಲಿ ಕುಡಿಯುವ ನೀರಿನ ಹಳೇ ಬಾಟಲಿಯೊಂದರಲ್ಲಿ ಹೈಪೋ ತುಂಬಿಟ್ಟಿದ್ದರು, ಮೇಲೆ ಒಂದಕ್ಷರ ಬರೆದಿರಲಿಲ್ಲ. ಪಕ್ಕದಲ್ಲೇ ಆಮ್ಲದ ಕ್ಯಾನು. ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಹಲಾಲ್ ಎಂಬ ಮಾತಿನ ಜೊತೆಗೇ ‘ತಯ್ಯಿಬ್’ ಎಂಬ ಮಾತೂ ಇದೆ. ಒಳ್ಳೆಯದು, ಹಿತವಾದದ್ದು ಎಂದು ಅರ್ಥ. ತೊಳೆಯುವವಳ ಅಂಗೈ ಸುಲಿದುಹೋಗುವ ಕಡೆ ಆ ಎರಡನೆಯ ಮಾತು ಅರ್ಧಕ್ಕೇ ನಿಂತಂತೆ ನನಗೆ ಕಾಣುತ್ತದೆ. ಕೈಗವಸು, ಕನ್ನಡಕ, ಹೆಸರು ಬರೆದ ಡಬ್ಬ, ಬೀಗ ಹಾಕಿದ ಸ್ಟೋರು, ಇವನ್ನು ಬೇರೆ ಆಡಿಟ್ ನೋಡಿಕೊಳ್ಳಲಿ ಎಂದು ಬಿಡಬಾರದು.

ಆಲ್ಕೋಹಾಲಿನ ವಿಷಯ ಬೇಗ ಮುಗಿಸಬಹುದು. ಮದ್ಯದ ಉದ್ಯಮದಿಂದ ಬಂದ ಎಥನಾಲ್ ಬೇರೆ, ಹಾಗಲ್ಲದ್ದು ಬೇರೆ ಎಂದು ಇಂಡೋನೇಷ್ಯಾದ ಉಲೇಮಾ ಮಂಡಳಿ 2018ರ 10ನೇ ಫತ್ವಾದಲ್ಲಿ ಸ್ಪಷ್ಟಪಡಿಸಿದೆ. ಕೈಗೆ, ಬೆಲ್ಟಿಗೆ ಸಿಂಪಡಿಸುವ ಸ್ಪಿರಿಟ್ ಎಲ್ಲಿಂದ ಬಂತೆಂದು ಮಾರುವವನಿಂದ ಒಂದು ಸಾಲು ಬರೆಸಿಕೊಂಡು, ಅದು ಪೂರ್ತಿ ಆರಿದ ಮೇಲೆ ಕೆಲಸ ಶುರು ಮಾಡಿದರೆ ದೊಡ್ಡ ತೊಡಕೇನಿಲ್ಲ.

ಮಲೇಷ್ಯಾದ ಎಂ.ಎಸ್. 1500 ಎಂಬ ಮಾನದಂಡದ 2019ರ ಪರಿಷ್ಕೃತ ಆವೃತ್ತಿ ‘ಸೆರ್ತು’ವಿನ ಬಗ್ಗೆ ಹೇಳುವುದನ್ನು ಮಾತ್ರ ನಿಧಾನವಾಗಿ ಓದಬೇಕು. ಹಂದಿ ಅಥವಾ ನಾಯಿಯ ಸಂಪರ್ಕವಾದ ಉಪಕರಣವನ್ನು ಏಳು ಸಲ ತೊಳೆಯಬೇಕು, ಅದರಲ್ಲೊಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ. ಮೊದಲು ಅಂಟಿದ್ದೆಲ್ಲ ಹೋಗಬೇಕು. ಅದಕ್ಕೆ ನಾಲ್ಕು ಸಲ ತೊಳೆದರೂ ಲೆಕ್ಕಕ್ಕೆ ಒಂದೇ. ಆ ಮಣ್ಣೂ ಶುದ್ಧವಾಗಿರಬೇಕು, ನೀರೂ ಶುದ್ಧವಾಗಿರಬೇಕು, ಹಿಂದಿನ ತೊಳೆತದ ನೀರು ನಿಂತಿರಬಾರದು. ಹೀಗೆ ಹಲಾಲಿಗೆ ಬದಲಾದ ಯಂತ್ರ ಮತ್ತೆ ಹಂದಿಗೂ ಹಲಾಲಿಗೂ ಓಡಾಡುವಂತಿಲ್ಲ. ಬೂದಿ, ಹುಣಸೆಹಣ್ಣು, ಇಟ್ಟಿಗೆಪುಡಿಯಲ್ಲಿ ಮುಸುರೆ ತಿಕ್ಕಿದ ಕೈಗಳಿಗೆ ಇದು ಅಪರಿಚಿತವೇನಲ್ಲ. ಉಜ್ಜುವ ಕಣ ಜಿಡ್ಡನ್ನು ಹೀರಿ ಎಳೆದುತರುತ್ತದೆ. ಸೆರ್ತುವಿನ ಲೆಕ್ಕದಲ್ಲಿ ಅಶುದ್ಧಿ ವಸ್ತುವಿಗೆ ಅಂಟುತ್ತದೆ, ತೊಳೆದರೆ ಹೋಗುತ್ತದೆ, ಮುಟ್ಟಿದ ಮನುಷ್ಯನ ಹುಟ್ಟಿಗೆ ಅಂಟಿಕೊಳ್ಳುವುದಿಲ್ಲ. ಮಡಿ, ಮೈಲಿಗೆಯ ನಾಡಿನಲ್ಲಿ ಬೆಳೆದ ನನಗೆ ಇದು ದೊಡ್ಡ ವಿಷಯವಾಗಿ ಕಂಡಿತು.

ತೊಡಕಿರುವುದು ಕೊಳವೆಯಲ್ಲಿ. ಪಾತ್ರೆಗೆ ಮಣ್ಣು ಸುಲಭ. ಪಂಪು, ವಾಲ್ವು, ರಬ್ಬರ್ ಸೀಲುಗಳಿರುವ ಮುಚ್ಚಿದ ಉಕ್ಕಿನ ಮಾರ್ಗಕ್ಕೆ ಮಣ್ಣಿನ ನೀರು ಹರಿಸಿದರೆ ಸೀಲಿನ ಮೇಲೆ ಗೀರು ಬೀಳುತ್ತದೆ, ಮೂಲೆಯಲ್ಲಿ ಕೆಸರು ಕೂರುತ್ತದೆ, ಅಲ್ಲೇ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಎಷ್ಟು ನುಣುಪಾದ ಮಣ್ಣು, ಎಷ್ಟು ವೇಗದ ಹರಿವು, ಬಿಚ್ಚಿ ತೊಳೆಯಬೇಕಾದದ್ದು ಯಾವುದು ಎಂಬ ಎಂಜಿನಿಯರನ ಪ್ರಶ್ನೆಗಳಿಗೆ ಸಾಮಾನ್ಯ ಮಾನದಂಡದಲ್ಲಿ ಉತ್ತರವಿಲ್ಲ. ಬರೆದವರು ಬಾಣಲೆಯನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಂತಿದೆ.

ನನ್ನ ಮುಖ್ಯ ತಕರಾರು ಜಾಲಿಸುವುದರ ಬಗ್ಗೆ. ಕ್ವಾಟ್ ದ್ರಾವಣವನ್ನು 200 ಪಿಪಿಎಂವರೆಗೆ ಬಳಸಿ ಮತ್ತೆ ನೀರು ಹಾಕದೆ ಬಿಡಬಹುದೆಂದು ಅಮೆರಿಕದ ನಿಯಮ ಒಪ್ಪುತ್ತದೆ, ನಮ್ಮ ಮಾರಾಟಗಾರರೂ ಅದನ್ನೇ ಹೇಳುತ್ತಾರೆ. ಯುರೋಪ್ ಒಕ್ಕೂಟ 2014ರಲ್ಲಿ ಆಹಾರದಲ್ಲಿ ಬೆಂಜಾಲ್ಕೋನಿಯಂ ಎಂಬ ಕ್ವಾಟ್‌ನ ಶೇಷಕ್ಕೆ ಕಿಲೋಗೆ 0.1 ಮಿಲಿಗ್ರಾಮಿನ ಮಿತಿ ಹಾಕಿತು. ಹಲಾಲ್ ಘಟಕಕ್ಕೆ ಈ ಎರಡು ಅಂಕಿಗಳಿಗಿಂತ ಸರಳವಾದ ಅಳತೆ ತನ್ನ ಶಾಸ್ತ್ರದಲ್ಲೇ ಇದೆ: ಬಣ್ಣ, ವಾಸನೆ, ರುಚಿ ಹೋಗುವಷ್ಟು ನೀರು. ಸೋಂಕುನಾಶಕ ಟ್ರೇ ಮೇಲೆ ಉಳಿದರೆ ಅದು ರಸ್ಕಿನ ಪದಾರ್ಥವೇ ಆಯಿತು. ಮೂಲ ಕೇಳುವುದಕ್ಕೆ ಇಷ್ಟು ಶ್ರಮಪಡುವ ಪದ್ಧತಿ, ಜಾಲಿಸಿದ್ದನ್ನು ನೋಡಲು ಆಡಿಟ್ ದಿನ ಹತ್ತು ನಿಮಿಷವನ್ನೂ ಕೊಡದಿದ್ದುದನ್ನು ನಾನು ಕಂಡಿದ್ದೇನೆ. ಕಡತ ಮೂರು ಗಂಟೆ ನೋಡಿದರು. ತೊಳೆಯುವ ಕಟ್ಟೆಯನ್ನು ಬಾಗಿಲಲ್ಲಿ ನಿಂತು ನೋಡಿ ಹೋದರು.

ಬ್ರಶ್ಶಿನ ಘಟನೆಯ ನಂತರ ನಾವು ಹಳೆಯ ಟ್ರೇಗಳನ್ನು ಆ ಮಾಲಿನಿಂದ ದೂರವಿಟ್ಟು, ಹೊಸ ಟ್ರೇ, ನೈಲಾನ್ ಬ್ರಶ್ಶು ತಂದೆವು. ಸಂಜೆ ಪಾಳಿಯಲ್ಲಿ ಕಾಸ್ಟಿಕ್ಕಿನಲ್ಲಿ ತೊಳೆದ ಮೇಲೆ, ಕೊನೆಯ ಜಾಲಿಕೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಫಿನಾಲ್ಫ್ತಲೀನ್ ಒಂದು ಹನಿ ಬಿಡುವುದನ್ನು ಶುರುಮಾಡಿದೆವು. ಕ್ಷಾರ ಉಳಿದಿದ್ದರೆ ನೀರು ಗುಲಾಬಿಯಾಗುತ್ತದೆ. ಮೊದಲ ದಿನ ತಿಳಿಗುಲಾಬಿ ಬಂತು. ಮತ್ತೆ ಜಾಲಿಸಿ ಎಂದೆ. ಕಟ್ಟೆಯ ಅಕ್ಕ ಅಲ್ಲಾಡಲಿಲ್ಲ. “ಸರ್, ಬೋರ್ ನೀರನ್ನೂ ಒಂದು ಲೋಟ ಪಕ್ಕಕ್ಕಿಟ್ಟು ನೋಡಿ. ನಮ್ಮ ನೀರೇ ಹಿಂಗಿರಬೋದು” ಎಂದರು. ಇಟ್ಟು ನೋಡಿದೆವು. ಬೋರ್ ನೀರಿನ ಲೋಟ ಬಣ್ಣ ತಿರುಗಲಿಲ್ಲ. ಅವರು ಮಾತಾಡದೆ ಟ್ರೇಗಳನ್ನು ಮತ್ತೆ ನೀರಿಗಿಳಿಸಿದರು. ಮೂರನೆಯ ಲೋಟದ ಹೊತ್ತಿಗೆ ಎರಡೂ ಒಂದೇ ಥರ ತಿಳಿಯಾಗಿದ್ದವು.